ಕ್ಲೌಡಿನಲ್ಲಿ ಕೋಷ್ಟಕಗಳ ಸ್ಥಾನಾಂತರ

ಒಂದು ಸಂಸ್ಥೆಯನ್ನು ಮತ್ತೊಂದು ಕೊಂಡುಕೊಂಡಿತೆಂದೋ, ಒಂದೇ ಸಂಸ್ಥೆ ಒಡೆದು ಎರಡಾಯಿತೆಂದೋ ಪತ್ರಿಕೆಗಳಲ್ಲಿ ವಾರ್ತೆ ಬಂದಾಗ ಓದುಗರ ಗಮನವು ಕೈಬದಲಾದ ಹಣದ ಮೊತ್ತದ ಕಡೆಗೂ ಷೇರುಗಳ ಏರಿಳಿತದ ಕಡೆಗೂ ಹರಿಯುವುದು ಸಹಜ. ಆದರೆ ಒಪ್ಪಂದಕ್ಕೆ ರುಜು ಬಿದ್ದ ಮರುದಿನದಿಂದಲೇ ಆರಂಭವಾಗಿ ತಿಂಗಳುಗಟ್ಟಲೆ ಸಾಗುವ, ಬಹುಮಟ್ಟಿಗೆ ರಾತ್ರಿಯ ವೇಳೆಯಲ್ಲಿಯೇ ಜರುಗುವ ಇನ್ನೊಂದು ಕಾರ್ಯವುಂಟು, ಅದರ ವಿಚಾರವನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಆ ಸಂಸ್ಥೆಯ ಗಿರಾಕಿಗಳ ಹೆಸರು ವಿಳಾಸಗಳು, ಅವರು ಕೊಂಡ ವಸ್ತುಗಳು, ಸಲ್ಲಿಸಿದ ಹಣ, ಉಳಿದ ಬಾಕಿ, ಇವೆಲ್ಲವೂ ಕೋಷ್ಟಕಗಳ ರೂಪದಲ್ಲಿ ಒಬ್ಬ ಒಡೆಯನ ಅಧೀನದಲ್ಲಿದ್ದವು. ಈಗ ಮತ್ತೊಬ್ಬನ ಅಧೀನಕ್ಕೆ ಬರಬೇಕು. ಬರುವಾಗ ಒಂದು ಸಾಲೂ ಉದುರಬಾರದು, ಒಂದು ಸಾಲೂ ಇಮ್ಮಡಿಯಾಗಬಾರದು, ಮತ್ತು ಇಂಥದೊಂದು ಕಾರ್ಯ ನಡೆಯಿತೆಂಬ ಸುಳಿವೂ ಗಿರಾಕಿಗೆ ಸಿಕ್ಕಬಾರದು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ‘ಮೈಗ್ರೇಷನ್’ ಎಂಬ ಮಾತು ಹೊರಟಿತೆಂದರೆ ಎಷ್ಟೋ ಮನೆಗಳಲ್ಲಿ ಶನಿವಾರ ಭಾನುವಾರಗಳ ಪ್ರಯಾಣಗಳು ಮುಂದಕ್ಕೆ ಹೋಗುತ್ತವೆ. ಮನೆಯವರಿಗೆ ಮಾತ್ರ ಅದೇನು ಕೆಲಸವೆಂಬುದು ಕೊನೆಯವರೆಗೂ ತಿಳಿಯುವುದಿಲ್ಲ.

ಕ್ಲೌಡ್ ಎಂದು ಕರೆಯಿಸಿಕೊಳ್ಳುವ ವ್ಯವಸ್ಥೆಯು ಬಾಡಿಗೆಗೆ ದೊರೆಯುವ ಕಂಪ್ಯೂಟರುಗಳ ಒಂದು ಮಹಾಸಮೂಹವೆಂಬುದನ್ನು ಈಗ ಬಹುಮಂದಿ ಬಲ್ಲರು. ಅಮೆಜಾನ್ ಸಂಸ್ಥೆ 2006ರಲ್ಲಿ ಎಸ್3 ಎಂಬ ಸಂಗ್ರಹಾಗಾರವನ್ನೂ ಇಸಿ2 ಎಂಬ ಗಣನಾಸೇವೆಯನ್ನೂ ಸಾರ್ವಜನಿಕರಿಗೆ ಬಾಡಿಗೆಗೆ ಕೊಡಲಾರಂಭಿಸಿದುದು ಈ ವ್ಯವಹಾರದ ಆರಂಭವೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ನಮ್ಮ ದೇಶದೊಳಗೆ ಅದರ ಯಂತ್ರಾಲಯಗಳು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತೆರೆದವು. ಬಾಡಿಗೆದಾರನಿಗೆ ದೊರೆಯುವುದು ಒಂದು ಖಾತೆ. ಅದಕ್ಕೆ ಹನ್ನೆರಡು ಅಂಕಿಗಳ ಒಂದು ಸಂಖ್ಯೆ. ಮೈಕ್ರೋಸಾಫ್ಟಿನವರು ಬಹುಪಾಲು ಇದೇ ಪದಾರ್ಥವನ್ನು ಸಬ್‌ಸ್ಕ್ರಿಪ್ಷನ್ ಎನ್ನುತ್ತಾರೆ, ಗೂಗಲಿನವರು ಪ್ರಾಜೆಕ್ಟ್ ಎನ್ನುತ್ತಾರೆ. ತಿಂಗಳ ಕೊನೆಗೆ ಬಿಲ್ಲು ಯಾರ ಹೆಸರಿಗೆ ಹೋಗಬೇಕೆಂಬುದಕ್ಕಾಗಿ ಮಾತ್ರ ಈ ಖಾತೆ ಇದೆಯೆಂದು ಭಾವಿಸುವವರುಂಟು. ವಾಸ್ತವದಲ್ಲಿ ಅದು ಕಟ್ಟಡಕ್ಕೆ ಹಾಕಿದ ಪ್ರಾಕಾರ: ಒಂದು ಖಾತೆಯೊಳಗಿನ ಯಾವ ವಸ್ತುವೂ, ಹೊರಗಿನವನಿಗೆ ಸ್ಪಷ್ಟವಾದ ಅನುಮತಿಯಿಲ್ಲದಿದ್ದರೆ, ಕಾಣಿಸುವುದೇ ಇಲ್ಲ. ಹೊರಗಿನವನು ಅದೇ ಸಂಸ್ಥೆಯ ಪಕ್ಕದ ಕೋಣೆಯ ನೌಕರನಾಗಿದ್ದರೂ ಸರಿಯೇ.

ಇಂಥ ಪ್ರಾಕಾರಗಳನ್ನು ಒಂದೇ ಸಂಸ್ಥೆಯೊಳಗೆ ಹತ್ತಾರು ಕಟ್ಟಿಕೊಳ್ಳುವುದು ಇಂದು ವಿವೇಕವೆನಿಸಿಕೊಂಡಿದೆ. ಪ್ರಯೋಗಕ್ಕೊಂದು ಖಾತೆ, ಪರೀಕ್ಷೆಗೊಂದು, ನಿಜವಾದ ವ್ಯವಹಾರಕ್ಕೊಂದು, ಬ್ಯಾಕಪ್ಪುಗಳಿಗೆ ಇನ್ನೊಂದು. ಈ ವಿವೇಕ ಹುಟ್ಟಿದುದು ಸುಮ್ಮನೆ ಅಲ್ಲ. 2014ರ ಜೂನ್ ತಿಂಗಳಿನಲ್ಲಿ ಕೋಡ್ ಸ್ಪೇಸಸ್ ಎಂಬ ಸಂಸ್ಥೆಗೆ, ಪ್ರೋಗ್ರಾಮರುಗಳ ಬರಹಗಳನ್ನು ಕಾದಿಟ್ಟುಕೊಡುವುದೇ ಅದರ ಕಸುಬಾಗಿತ್ತು, ಒಬ್ಬ ಆಗಂತುಕನು ನುಗ್ಗಿದನು. ಅವನ ಕೈಗೆ ಆ ಸಂಸ್ಥೆಯ ಅಮೆಜಾನ್ ಖಾತೆಯ ನಿಯಂತ್ರಣವೇ ಸಿಕ್ಕಿತ್ತು, ಹಣ ಕೇಳಿದನು, ಸಂಸ್ಥೆಯವರು ಪಾಸ್‌ವರ್ಡುಗಳನ್ನು ಬದಲಾಯಿಸಲು ಹೊರಟುದನ್ನು ಕಂಡು, ತಾನು ಮೊದಲೇ ಸೃಷ್ಟಿಸಿಕೊಂಡಿದ್ದ ಬೇರೆ ಹೆಸರುಗಳಿಂದ ಒಳಹೊಕ್ಕು, ಕೈಗೆ ಸಿಕ್ಕಿದುದನ್ನೆಲ್ಲ ಅಳಿಸತೊಡಗಿದನು. ಮೂಲ ದತ್ತಾಂಶದ ಜೊತೆಗೆ ಅದರ ಬ್ಯಾಕಪ್ಪುಗಳ ಬಹುಭಾಗವೂ ಹೋಯಿತು, ಏಕೆಂದರೆ ಎರಡೂ ಅದೇ ಗೋಡೆಯೊಳಗೆ ಇದ್ದವು. ಹನ್ನೆರಡು ಗಂಟೆಗಳೊಳಗೆ ಸಂಸ್ಥೆಯ ಆಯುಸ್ಸು ಮುಗಿಯಿತು. ಅಂದಿನಿಂದ, ಒಂದು ಖಾತೆಯ ಬೀಗ ಮುರಿದರೂ ಇನ್ನೊಂದು ಉಳಿಯಬೇಕೆಂಬ ಮಾತನ್ನು ಯಾರೂ ಹಗುರವಾಗಿ ಪರಿಗಣಿಸುವುದಿಲ್ಲ. ಕೋಷ್ಟಕವನ್ನು ಖಾತೆಯಿಂದ ಖಾತೆಗೆ ಒಯ್ಯುವುದು ಏಕೆ ಕಷ್ಟವೆಂದು ಗೊಣಗುವ ಎಂಜಿನಿಯರುಗಳು ಇದನ್ನು ನೆನೆಯುವುದು ಒಳಿತು: ಸುಲಭವಾಗಿದ್ದರೆ ಗೋಡೆಗೆ ಅರ್ಥವೇ ಇರುತ್ತಿರಲಿಲ್ಲ.

ಇನ್ನು ಕೋಷ್ಟಕದ ವಿಚಾರ. ಮಾಹಿತಿಯನ್ನು ಸಾಲು ಕಂಬಗಳ ಕೋಷ್ಟಕಗಳಲ್ಲಿ ಇಟ್ಟು, ಒಂದರೊಡನೊಂದನ್ನು ತರ್ಕಬದ್ಧವಾಗಿ ಹೊಂದಿಸುವ ಕ್ರಮವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರತಿಪಾದಿಸಿದ ಮೇಲೆ ಮೂರು ದಶಕಗಳ ಕಾಲ ಡೇಟಾಬೇಸ್ ಎಂದರೆ ಅದೇ ಎಂಬಂತಾಯಿತು. ಆದರೆ 2004ರ ವರ್ಷಾಂತ್ಯದ ವ್ಯಾಪಾರದ ಭರದಲ್ಲಿ ಅಮೆಜಾನಿನ ಅಂಗಡಿಯು ತಾನು ನೆಚ್ಚಿದ್ದ ಅಂಥ ಡೇಟಾಬೇಸುಗಳು ಭಾರ ತಾಳಲಾರದೆ ಕುಸಿದುದನ್ನು ಅನುಭವಿಸಿತು. ಆ ಸಂಸ್ಥೆಯ ಮುಖ್ಯ ತಾಂತ್ರಿಕಾಧಿಕಾರಿ ವರ್ನರ್ ವೋಗೆಲ್ಸ್ ಮುಂದೆ ತಿಳಿಸಿದಂತೆ, ಪರಿಶೀಲಿಸಿ ನೋಡಿದಾಗ ಸುಮಾರು ಶೇಕಡ 70ರಷ್ಟು ಕಾರ್ಯಗಳು ಅತ್ಯಂತ ಸರಳವಾಗಿದ್ದವು: ಒಂದು ಕೀಲಿಸಂಖ್ಯೆ ಕೊಡುವುದು, ಅದಕ್ಕೆ ಸೇರಿದ ಒಂದೇ ಸಾಲನ್ನು ಪಡೆಯುವುದು. ಇಷ್ಟಕ್ಕೆ ಅಷ್ಟೊಂದು ಆಡಂಬರದ ಯಂತ್ರವೇಕೆ ಎಂಬ ಪ್ರಶ್ನೆಯಿಂದ ಡೈನಮೋ ಎಂಬ ವ್ಯವಸ್ಥೆ ಹುಟ್ಟಿತು. ಅದನ್ನು ವಿವರಿಸುವ ಪ್ರಬಂಧ 2007ರಲ್ಲಿ ಹೊರಬಂತು. ಅದೇ ಪರಂಪರೆಯಲ್ಲಿ ಬಾಡಿಗೆಗೆ ಒದಗುವ ಡೈನಮೋಡಿಬಿ 2012ರ ಜನವರಿಯಲ್ಲಿ ಬಳಕೆಗೆ ಬಂತು. 2023ರ ಪ್ರೈಮ್ ಡೇ ಮಾರಾಟದ ವೇಳೆ ಈ ಡೇಟಾಬೇಸು ಒಂದು ಸೆಕೆಂಡಿಗೆ 12 ಕೋಟಿ 60 ಲಕ್ಷ ಬೇಡಿಕೆಗಳನ್ನು ಮುಟ್ಟಿತೆಂದು ಅಮೆಜಾನ್ ಪ್ರಕಟಿಸಿದೆ. ಇತರ ಡೇಟಾಬೇಸುಗಳ ಕಥೆಯೂ ಮೂಲತತ್ತ್ವದಲ್ಲಿ ಬೇರೆಯಲ್ಲವಾದುದರಿಂದ ಇಲ್ಲಿ ಡೈನಮೋಡಿಬಿಯ ಕೋಷ್ಟಕವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಸ್ಥಾನಾಂತರ ಎಂದು ನಾವು ರೂಢಿಯಿಂದ ಹೇಳುತ್ತೇವಾದರೂ ಕೋಷ್ಟಕವು ಎಲ್ಲಿಗೂ ಸ್ಥಾನಾಂತರ ಹೊಂದುವುದಿಲ್ಲ. ಈ ಕೋಷ್ಟಕದ ಒಡೆತನವನ್ನು ಆ ಖಾತೆಗೆ ಬರೆದುಕೊಡು ಎಂದು ಒತ್ತಬಹುದಾದ ಗುಂಡಿ ಯಾವುದೂ ಇಲ್ಲ. ಕೋಷ್ಟಕದ ಪೂರ್ಣನಾಮದೊಳಗೇ ಅದರ ಪ್ರಾಂತವೂ ಹನ್ನೆರಡು ಅಂಕಿಯ ಖಾತಾಸಂಖ್ಯೆಯೂ ಅಡಗಿವೆ; ಖಾತೆ ಬದಲಾದರೆ ಅದು ಬೇರೊಂದು ಕೋಷ್ಟಕವೇ ಸರಿ. ಆದುದರಿಂದ ನಡೆಯುವುದೇನೆಂದರೆ, ಹೊಸ ಖಾತೆಯಲ್ಲಿ ಹೊಸ ಕೋಷ್ಟಕವೊಂದು ಹುಟ್ಟಿ, ಹಳೆಯದರ ಪ್ರತಿರೂಪವಾಗಿ ಬೆಳೆದು, ಯಾವುದೋ ಒಂದು ಕ್ಷಣದಲ್ಲಿ ಇನ್ನು ಮೇಲೆ ಇದೇ ಪ್ರಮಾಣ ಎಂದು ಮನುಷ್ಯರು ಘೋಷಿಸುತ್ತಾರೆ. ಈ ಕಾರ್ಯದ ಸಮಸ್ತ ಕ್ಲೇಶಗಳೂ, ಎರಡೂ ಕೋಷ್ಟಕಗಳು ಏಕಕಾಲದಲ್ಲಿ ಜೀವಂತವಾಗಿರುವ ಆ ನಡುಗಾಲಕ್ಕೆ ಸೇರಿದವು. ಇಲ್ಲಿಯೇ ಒಂದು ಮಾತನ್ನು ಹೇಳಿಬಿಡಬೇಕು: ಬದಲಾಗಬೇಕಾದುದು ಒಡೆತನ ಮಾತ್ರವಾದರೆ ಕೋಷ್ಟಕಗಳನ್ನು ಅಲುಗಾಡಿಸುವ ಅಗತ್ಯವೇ ಇಲ್ಲ. ಖಾತೆಗಳನ್ನು ಒಂದು ಸಂಘಟನೆಯಡಿ ಕೂಡಿಸಿಡುವ ಏರ್ಪಾಡೊಂದುಂಟು. ಇಡೀ ಖಾತೆಯೇ ಹಳೆಯ ಸಂಘಟನೆಯನ್ನು ಬಿಟ್ಟು, ಹೊಸದರ ಆಹ್ವಾನವನ್ನು ಒಪ್ಪಿ, ಅದರೊಳಗೆ ಸೇರಬಹುದು. ಒಂದು ಖಾತೆಯಲ್ಲಿ ಅನೇಕರ ಸರಕು ಬೆರೆತುಹೋಗಿದ್ದು ಅದರಲ್ಲಿ ಕೆಲವನ್ನು ಮಾತ್ರ ಬೇರ್ಪಡಿಸಬೇಕಾದಾಗಲೇ ಕೋಷ್ಟಕಗಳ ವಲಸೆ ಅನಿವಾರ್ಯವಾಗುವುದು. ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳದೆ ಕೆಲಸಕ್ಕೆ ಧುಮುಕುವವರು ನಮ್ಮಲ್ಲಿ ಬಹಳ.

ನಕಲು ಮಾಡುವ ಅತ್ಯಂತ ಸರಳ ಮಾರ್ಗ ಯಾರಿಗಾದರೂ ಹೊಳೆಯುವಂಥದು: ಹಳೆಯ ಕೋಷ್ಟಕವನ್ನು ಆದಿಯಿಂದ ಅಂತ್ಯದವರೆಗೆ ಓದುತ್ತ, ಹೊಸದಕ್ಕೆ ಬರೆಯುತ್ತ ಹೋಗುವ ಒಂದು ಪುಟ್ಟ ಪ್ರೋಗ್ರಾಮು. ಸಣ್ಣ ಕೋಷ್ಟಕಕ್ಕೆ ಇದು ಸಾಲುತ್ತದೆ. ದೊಡ್ಡದಕ್ಕೆ ಬಂದಾಗ ಲೆಕ್ಕ ಬೇರೆ. ಡೈನಮೋಡಿಬಿಯು ಒಮ್ಮೆ ಕೇಳಿದರೆ ಹೆಚ್ಚೆಂದರೆ 1 ಎಂಬಿಯಷ್ಟನ್ನು ಓದಿಕೊಡುತ್ತದೆ. ಒಟ್ಟಿಗೆ ಬರೆಯಲು 25 ಸಾಲುಗಳಿಗಿಂತ ಹೆಚ್ಚನ್ನು ಒಪ್ಪುವುದಿಲ್ಲ. ಸಾಲೊಂದು 1 ಕೆಬಿಯಷ್ಟಿರುವ 100 ಜಿಬಿಯ ಕೋಷ್ಟಕವೆಂದರೆ ಸುಮಾರು ಹತ್ತು ಕೋಟಿ ಸಾಲು. ಓದಲು ಲಕ್ಷ ಸಲ, ಬರೆಯಲು ನಲವತ್ತು ಲಕ್ಷ ಸಲ ಬಾಗಿಲು ತಟ್ಟಬೇಕು, ಮತ್ತು ಪ್ರತಿ ತಟ್ಟಿಗೂ ಬಾಡಿಗೆಯುಂಟು. ಹಣದ ಮಾತು ಹಾಗಿರಲಿ, ಇದರಲ್ಲಿ ಒಂದು ಗುಪ್ತವಾದ ಹಳ್ಳವೂ ಇದೆ. ಇಪ್ಪತ್ತೈದು ಸಾಲುಗಳನ್ನು ಕೊಟ್ಟಾಗ ಡೇಟಾಬೇಸು ಇಪ್ಪತ್ತೆರಡನ್ನು ಮಾತ್ರ ಬರೆದುಕೊಂಡು, ಮಿಕ್ಕ ಮೂರನ್ನು ‘ಇವಕ್ಕೆ ಈಗ ಆಗಲಿಲ್ಲ’ ಎಂದು ಉತ್ತರದ ಒಂದು ಮೂಲೆಯಲ್ಲಿ ಹಿಂದಿರುಗಿಸುವುದುಂಟು. ಆದರೆ ಉತ್ತರದ ತಲೆಬರಹ ಮಾತ್ರ ಯಶಸ್ಸಿನದೇ ಆಗಿರುತ್ತದೆ. ತಲೆಬರಹವನ್ನಷ್ಟೇ ನೋಡಿ ಮುಂದೆ ಹೋಗುವ ಪ್ರೋಗ್ರಾಮು ಆ ಮೂರನ್ನು ಸದ್ದಿಲ್ಲದೆ ಕಳೆದುಬಿಡುತ್ತದೆ. ತಪ್ಪು ನಡೆದುದಕ್ಕೆ ಎಲ್ಲಿಯೂ ಒಂದು ಗುರುತಿಲ್ಲ. ತಿಂಗಳ ನಂತರ ಯಾವನೋ ಗಿರಾಕಿ ತನ್ನ ಹಳೆಯ ರಸೀತಿಯನ್ನು ಹುಡುಕಿದಾಗಲೇ ಅದು ಬೆಳಕಿಗೆ ಬರುವುದು.

ಇದಕ್ಕಿಂತ ಘನವಾದ ಮಾರ್ಗವು 2020ರ ಕೊನೆಯಲ್ಲಿ ತೆರೆಯಿತು. ಕೋಷ್ಟಕದ ಹಿಂದಿನ 35 ದಿನಗಳ ಯಾವುದೇ ಕ್ಷಣಕ್ಕೂ ಮರಳಬಹುದಾದ ರಕ್ಷಣೆಯನ್ನು ಮೊದಲೇ ಏರ್ಪಡಿಸಿಕೊಂಡಿದ್ದರೆ, ಆ ಅವಧಿಯ ಒಂದು ನಿರ್ದಿಷ್ಟ ಕ್ಷಣದ ಸಂಪೂರ್ಣ ಪ್ರತಿಬಿಂಬವನ್ನು ಎಸ್3 ಸಂಗ್ರಹಾಗಾರಕ್ಕೆ ಇಳಿಸಿಕೊಳ್ಳಬಹುದು. ಇದರಿಂದ ನಡೆಯುತ್ತಿರುವ ವ್ಯವಹಾರಕ್ಕೆ ಕಿಂಚಿತ್ತೂ ಬಾಧೆಯಿಲ್ಲ. ಆ ಸಂಗ್ರಹಾಗಾರವು ಬೇರೆ ಖಾತೆಯದಾಗಿರಲೂಬಹುದು. 2022ರ ಆಗಸ್ಟಿನಿಂದ ಆ ಕಡತಗಳನ್ನೇ ಕೊಟ್ಟು ಹೊಸ ಕೋಷ್ಟಕವೊಂದನ್ನು ನೇರವಾಗಿ ಸೃಷ್ಟಿಸಲೂ ಸಾಧ್ಯವಾಯಿತು. ಸೃಷ್ಟಿಸಲು ಮಾತ್ರ: ಆಗಲೇ ಇರುವ ಕೋಷ್ಟಕದೊಳಕ್ಕೆ ಇವನ್ನು ಸುರಿಯಲಾಗದು.

ಗೋಡೆಯನ್ನು ದಾಟುವ ಬಗೆ ಇಲ್ಲಿಯೇ ಸ್ಪಷ್ಟವಾಗುವುದು. ಹಳೆಯ ಖಾತೆಯ ನೌಕರನಿಗೆ ‘ನೀನು ಆ ಹೊರಗಿನ ಸಂಗ್ರಹಾಗಾರದಲ್ಲಿ ಬರೆಯಬಹುದು’ ಎಂದು ಅವನ ಖಾತೆಯು ಅನುಮತಿ ಕೊಟ್ಟಿರಬೇಕು. ಹೊಸ ಖಾತೆಯ ಸಂಗ್ರಹಾಗಾರದ ಮೇಲೆ ‘ಇಂಥ ಖಾತೆಯ ಇಂಥವನು ಬರೆದರೆ ತಡೆಯಬೇಡ’ ಎಂದು ಆ ಖಾತೆಯು ಶಾಸನ ಹಾಕಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಕಾರ್ಯ ನಿಲ್ಲುವುದು. ಬ್ಯಾಂಕಿನ ಲಾಕರು ಗಿರಾಕಿಯ ಕೀಲಿಕೈಯೊಂದರಿಂದಲೂ ತೆರೆಯದು, ಮ್ಯಾನೇಜರನ ಕೀಲಿಕೈಯೊಂದರಿಂದಲೂ ತೆರೆಯದು, ಅಂತೆಯೇ ಇದು. ಪೂರ್ವದಲ್ಲಿ ಈ ವ್ಯವಸ್ಥೆಯಲ್ಲಿ ಒಂದು ವಿಚಿತ್ರವೂ ಇದ್ದಿತು. ಒಬ್ಬನ ಸಂಗ್ರಹಾಗಾರದಲ್ಲಿ ಇನ್ನೊಬ್ಬನು ಕಡತವನ್ನು ಇಟ್ಟರೆ ಸ್ಥಳ ಮೊದಲನೆಯವನದು, ಬಾಡಿಗೆ ಅವನದು, ಆದರೆ ಕಡತದ ಒಡೆತನ ಇಟ್ಟವನದು. ಲಕ್ಷಾಂತರ ಸಾಲುಗಳು ಸುರಕ್ಷಿತವಾಗಿ ಬಂದಿಳಿದ ಮೇಲೆ, ಹೊಸ ಖಾತೆಯವನು ತನ್ನದೇ ಮನೆಯಲ್ಲಿರುವ ಆ ಕಡತವನ್ನು ತೆರೆಯಹೋದರೆ ಪ್ರವೇಶ ನಿಷಿದ್ಧವೆಂಬ ಉತ್ತರ! 2023ರ ಏಪ್ರಿಲಿನಿಂದ ಹೊಸದಾಗಿ ಸೃಷ್ಟಿಸುವ ಸಂಗ್ರಹಾಗಾರಗಳಲ್ಲಿ ಒಡೆತನವೆಲ್ಲ ಮನೆಯ ಯಜಮಾನನಿಗೇ ಸೇರುವಂತೆ ರೂಢಿಯನ್ನು ತಿದ್ದಿದರು. ಹಳೆಯ ಸಂಗ್ರಹಾಗಾರಗಳನ್ನು ಬಳಸುವವರು ಇಂದಿಗೂ ಈ ಉತ್ತರವನ್ನು ಎದುರಿಸುವುದುಂಟು.

ಹೀಗೆ ಇಳಿದುಬಂದ ಕಡತವನ್ನು ಬಿಚ್ಚಿ ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ಅದರ ರಚನೆಯಲ್ಲಿ ಒಂದು ಎಚ್ಚರಿಕೆ ಕಾಣುತ್ತದೆ. ಪ್ರತಿ ಸಾಲೂ ‘ಐಟಮ್’ ಎಂಬ ಪದದಿಂದ ಆರಂಭವಾಗಿ, ಪ್ರತಿಯೊಂದು ಅಂಶದ ಮುಂದೆಯೂ ಅದರ ಜಾತಿಯನ್ನು ಸೂಚಿಸುವ ಅಕ್ಷರವನ್ನು ಹೊತ್ತಿರುತ್ತದೆ: ಅಕ್ಷರಮಾಲೆಯಾದರೆ ‘ಎಸ್’, ಸಂಖ್ಯೆಯಾದರೆ ‘ಎನ್’. ಗಿರಾಕಿಯ ಬಾಕಿ 450.50 ರೂಪಾಯಿ ಎಂದಿಟ್ಟುಕೊಂಡರೆ, ಆ ಸಂಖ್ಯೆಯನ್ನು ಬರಿಯ ಸಂಖ್ಯೆಯಾಗಿ ಬರೆಯದೆ, ‘ಎನ್’ ಎಂಬ ಗುರುತಿನೊಡನೆ ಉದ್ಧರಣ ಚಿಹ್ನೆಗಳ ಒಳಗೆ ಅಕ್ಷರಗಳಂತೆ ಬಂಧಿಸಿರುತ್ತಾರೆ. ಡೈನಮೋಡಿಬಿಯ ಸಂಖ್ಯೆಗಳು 38 ಅಂಕಿಗಳವರೆಗೆ ನಿಷ್ಕೃಷ್ಟವಾಗಿರಬಲ್ಲವು. ಸಾಮಾನ್ಯ ಪ್ರೋಗ್ರಾಮು ಅವನ್ನು ಸಂಖ್ಯೆಯೆಂದು ಓದಿದರೆ ತನ್ನ ಅಳತೆಗೆ ಸರಿಯಾಗಿ ಮೊಟಕುಗೊಳಿಸಿಬಿಡುತ್ತದೆ, ಅಕ್ಷರವೆಂದು ಓದಿದರೆ ಮುಟ್ಟುವುದಿಲ್ಲ. ಈ ರೂಪವು ಕಣ್ಣಿಗೆ ಹಿತವಲ್ಲವೆಂದು, ಎಕ್ಸೆಲ್ಲಿನಲ್ಲಿ ತೆರೆಯಬಹುದಾದ ಸಿಎಸ್‌ವಿ ರೂಪಕ್ಕೆ ಮಾರುಹೋಗುವವರು ಒಂದನ್ನು ತಿಳಿದಿರಬೇಕು: ಆ ದಾರಿಯಲ್ಲಿ ಬಂದ ಕೋಷ್ಟಕದಲ್ಲಿ ಕೀಲಿಗಳನ್ನುಳಿದು ಮಿಕ್ಕೆಲ್ಲವೂ ಅಕ್ಷರಗಳೇ ಆಗುತ್ತವೆ. ಬಾಕಿಯ ಮೊತ್ತವು ನೋಡಲು ಹಾಗೆಯೇ ಇರುತ್ತದೆ, ಕೂಡಿಸಹೋದರೆ ಕೂಡುವುದಿಲ್ಲ.

ಗೂಢಲಿಪಿಯ ಕೀಲಿಗಳದು ಬೇರೆಯೇ ಒಂದು ಪ್ರಕರಣ. ಕ್ಲೌಡಿನಲ್ಲಿರುವ ಡೈನಮೋಡಿಬಿ ಕೋಷ್ಟಕಗಳೆಲ್ಲ ಗೂಢಲಿಪಿಯಲ್ಲಿಯೇ ಶೇಖರವಾಗಿರುತ್ತವೆ; ಅದನ್ನು ಬಿಡಿಸುವ ಕೀಲಿಯನ್ನು ಅಮೆಜಾನಿಗೇ ಬಿಡಬಹುದು, ಅಥವಾ ಬಾಡಿಗೆದಾರನು ತಾನೇ ಸೃಷ್ಟಿಸಿ ಆಳಬಹುದು. ಅಮೆಜಾನೇ ಖಾತೆಯ ಪರವಾಗಿ ನಿರ್ವಹಿಸುವ ಕೀಲಿಯನ್ನು ಬೇರೆ ಖಾತೆಯೊಡನೆ ಹಂಚಿಕೊಳ್ಳಲಾಗದು; ಅದರಿಂದ ಮುಚ್ಚಿದ ಬ್ಯಾಕಪ್ಪು ಗೋಡೆಯಾಚೆ ಹೋದರೂ ಅಲ್ಲಿ ಮೂಕವಸ್ತು. ಅಮೆಜಾನೇ ಬಾಡಿಗೆಗೆ ಕೊಡುವ, ಸಾಂಪ್ರದಾಯಿಕ ರೀತಿಯ ಆರ್‌ಡಿಎಸ್ ಡೇಟಾಬೇಸುಗಳ ವಿಚಾರದಲ್ಲಿಯೂ ಇದೇ ನಿಯಮ: ಅಲ್ಲಿ ಕೈಯಾರೆ ತೆಗೆದ ಪ್ರತಿಬಿಂಬವನ್ನು 20 ಖಾತೆಗಳವರೆಗೆ ಹಂಚಬಹುದೆಂದಿದೆ, ಆದರೆ ಅದು ಅಂಥ ಕೀಲಿಯಿಂದ ಮುಚ್ಚಿದ್ದಾದರೆ, ಸ್ವಂತ ಕೀಲಿಯಿಂದ ಮರುಮುದ್ರೆ ಹಾಕಿಕೊಂಡ ಮೇಲೆ ಮಾತ್ರ. ನಾನು ಕಂಡಮಟ್ಟಿಗೆ ವಲಸೆಯ ಯೋಜನೆಗಳಲ್ಲಿ ದಿನಗಟ್ಟಲೆ ಕಾಲಹರಣವಾಗುವುದು ದತ್ತಾಂಶದ ಗಾತ್ರದಿಂದಲ್ಲ, ಈ ಕೀಲಿಗಳ ಅನುಮತಿಪತ್ರದಿಂದ. ಅನುಮತಿ ಕೊಡಬೇಕಾದಾತನು ಮಾರಿದ ಸಂಸ್ಥೆಯವನು, ಅವನಿಗೆ ಅವಸರವಿಲ್ಲ. ಕೇಳಬೇಕಾದಾತನು ಕೊಂಡ ಸಂಸ್ಥೆಯವನು, ಅವನಿಗೆ ಯಾರನ್ನು ಕೇಳಬೇಕೆಂದು ತಿಳಿಯದು.

ಪ್ರತಿಬಿಂಬವು ಎಷ್ಟೇ ಪೂರ್ಣವಾಗಿದ್ದರೂ ಅದು ಕಳೆದುಹೋದ ಒಂದು ಕ್ಷಣದ್ದು. ಅದನ್ನು ಇಳಿಸಿ ಏರಿಸುವಷ್ಟರಲ್ಲಿ ಗಂಟೆಗಳು ಉರುಳಿರುತ್ತವೆ; ಆ ಗಂಟೆಗಳಲ್ಲಿ ಗಿರಾಕಿಗಳು ಸುಮ್ಮನಿರುವುದಿಲ್ಲ. ಒಬ್ಬನು ವಿಳಾಸ ಬದಲಿಸುತ್ತಾನೆ, ಒಬ್ಬಳು ಹಣ ಕಟ್ಟುತ್ತಾಳೆ, ಒಬ್ಬನು ಆರ್ಡರನ್ನು ರದ್ದುಮಾಡುತ್ತಾನೆ. ಈ ಬದಲಾವಣೆಗಳನ್ನೆಲ್ಲ ಕ್ರಮವಾಗಿ ದಾಖಲಿಸುವ ಒಂದು ಪ್ರವಾಹವನ್ನು ಹಳೆಯ ಕೋಷ್ಟಕಕ್ಕೆ ಜೋಡಿಸಬಹುದು, ‘ಸ್ಟ್ರೀಮ್’ ಎಂದೇ ಅದರ ಹೆಸರು. ಆದರೆ ಅದರ ನೆನಪು 24 ಗಂಟೆಗಳದು ಮಾತ್ರ. ಪ್ರತಿಬಿಂಬವನ್ನು ಏರಿಸಲು ಮೂವತ್ತು ಗಂಟೆ ಹಿಡಿಯಿತೆಂದರೆ ಮೊದಲ ಆರು ಗಂಟೆಗಳ ಚರಿತ್ರೆ ಅಳಿಸಿಹೋಗಿರುತ್ತದೆ. ಅಂಥ ಕೋಷ್ಟಕಗಳಿಗೆ ದೀರ್ಘಕಾಲ ನೆನಪಿಡುವ ಬೇರೆ ಪ್ರವಾಹವನ್ನು ಆಶ್ರಯಿಸಬೇಕು. ಇಲ್ಲವೆ, 2023ರಿಂದ ಲಭ್ಯವಿರುವ, ಇಂತಿಂಥ ವೇಳೆಯ ನಡುವೆ ಬದಲಾದುದನ್ನು ಮಾತ್ರ ಇಳಿಸಿಕೊಡುವ ಸೌಲಭ್ಯವನ್ನು ಬಳಸಬೇಕು. ಆ ನಡುಗಾಲವು 15 ನಿಮಿಷಕ್ಕಿಂತ ಕಡಿಮೆಯಿರಕೂಡದು, 24 ಗಂಟೆಯನ್ನು ಮೀರಕೂಡದು. ಅವಧಿಗಳನ್ನು ಒಂದರ ಬಾಲಕ್ಕೆ ಒಂದನ್ನು ಪೋಣಿಸುತ್ತ ಹೋದರೆ ಹೊಸ ಕೋಷ್ಟಕವು ಹಳೆಯದನ್ನು ಬೆನ್ನಟ್ಟಿ ಬರುತ್ತದೆ.

ಬದಲಾವಣೆಗಳನ್ನು ಮತ್ತೊಮ್ಮೆ ಆಡಿಸುವಾಗ ಒಂದೇ ಬದಲಾವಣೆ ಎರಡು ಸಲ ಬರುವ ಸಂಭವ ಇದ್ದೇ ಇದೆ. ‘ಬಾಕಿಗೆ 100 ಕೂಡಿಸು’ ಎಂದು ಬರೆದುಕೊಂಡವನ ಲೆಕ್ಕ ಆಗ ಕೆಡುತ್ತದೆ; ‘ಬಾಕಿ ಈಗ 550’ ಎಂದು ಬರೆದುಕೊಂಡವನದು ಎಷ್ಟು ಸಲ ಆಡಿಸಿದರೂ ಕೆಡುವುದಿಲ್ಲ. ಪ್ರವಾಹವು ಬದಲಾವಣೆಯ ನಂತರದ ಸಾಲಿನ ಸಂಪೂರ್ಣ ಚಿತ್ರವನ್ನೇ ಒಯ್ಯುವಂತೆ ಏರ್ಪಡಿಸುವುದು ಈ ಕಾರಣಕ್ಕಾಗಿ. ಇಷ್ಟು ಸರಳವಾದ ವಿವೇಕವು ಕಾರ್ಯರಂಗದಲ್ಲಿ ಎಷ್ಟು ಸಲ ಮರೆತುಹೋಗುತ್ತದೆಂಬುದು ಆಶ್ಚರ್ಯದ ಸಂಗತಿ.

ಸಾಲುಗಳು ಬಂದರೂ ಕೋಷ್ಟಕದ ಸುತ್ತಣ ಸಂಸಾರವು ತಾನಾಗಿ ಹಿಂಬಾಲಿಸುವುದಿಲ್ಲ. ಭಾರ ಹೆಚ್ಚಿದಾಗ ತಾನೇ ಹಿಗ್ಗುವ ಏರ್ಪಾಡು, ಏನಾದರೂ ಕೆಟ್ಟರೆ ಮಧ್ಯರಾತ್ರಿಯಲ್ಲಿ ಎಂಜಿನಿಯರನನ್ನು ಎಬ್ಬಿಸುವ ಎಚ್ಚರಗಂಟೆಗಳು, ಯಾರು ಏನನ್ನು ನೋಡಬಹುದೆಂಬ ನಿಯಮಗಳು, ಅವಧಿ ಮೀರಿದ ಸಾಲುಗಳನ್ನು ತಾನಾಗಿ ಗುಡಿಸಿಹಾಕುವ ವ್ಯವಸ್ಥೆ, ಇವನ್ನೆಲ್ಲ ಹೊಸದಾಗಿ ಕಟ್ಟಬೇಕು. ಕೊನೆಯದನ್ನು ಮರೆತವನ ಕಷ್ಟ ಬಹಳ ತಡವಾಗಿ ಪ್ರಕಟವಾಗುತ್ತದೆ. ವಲಸೆಯ ದಿನ ಎಲ್ಲವೂ ಸರಿಯಾಗಿರುತ್ತದೆ. ಆರು ತಿಂಗಳ ನಂತರ, ಎಂದೋ ಮುಗಿದ ಲಾಗಿನ್ನುಗಳೂ ಹಳಸಿದ ಒಟಿಪಿಗಳೂ ಬೆಟ್ಟದಂತೆ ಬೆಳೆದು ಬಾಡಿಗೆಯ ಬಿಲ್ಲು ಏರಿದಾಗ, ಲೆಕ್ಕಪತ್ರ ವಿಭಾಗದವರು ಮೊದಲು ಎಚ್ಚರಗೊಳ್ಳುತ್ತಾರೆ.

ಎರಡೂ ಕೋಷ್ಟಕಗಳು ಸಮಾನವೇ ಎಂದು ನಿರ್ಧರಿಸುವುದು ಹೇಗೆ? ಸಾಲುಗಳನ್ನು ಎಣಿಸಿದರಾಯಿತೆಂದು ತೋರಬಹುದು. ಡೈನಮೋಡಿಬಿಯು ತನ್ನ ವಿವರಪಟ್ಟಿಯಲ್ಲಿ ಸಾಲುಗಳ ಸಂಖ್ಯೆಯನ್ನು ತೋರಿಸುತ್ತದೆ ಸರಿ, ಆದರೆ ಅದನ್ನು ಸುಮಾರು ಆರು ಗಂಟೆಗೊಮ್ಮೆ ಮಾತ್ರ ನವೀಕರಿಸುತ್ತದೆ. ಜೀವಂತ ಕೋಷ್ಟಕದಲ್ಲಿ ಆ ಸಂಖ್ಯೆ ಬೆಳಗಿನ ವಾರ್ತೆಯನ್ನು ಸಂಜೆ ಓದಿದಂತೆಯೇ. ಎಣಿಕೆ ಕೂಡಿಬಂದರೂ ಒಳಗಿನ ಅಕ್ಷರಗಳು ಬೇರೆಯಾಗಿರಬಹುದು. ಆದುದರಿಂದ ಪ್ರತಿ ಸಾಲಿನಿಂದಲೂ ಗಣಿತಕ್ರಿಯೆಯೊಂದರ ಮೂಲಕ ಒಂದು ಸಣ್ಣ ಬೆರಳಚ್ಚನ್ನು ಪಡೆದು, ಎರಡು ಕಡೆಯ ಬೆರಳಚ್ಚುಗಳನ್ನು ತಾಳೆ ನೋಡುವುದೇ ಸರಿಯಾದ ಕ್ರಮ.

ಕನ್ನಡದಲ್ಲಿ ಮಾಹಿತಿಯಿರುವ ಕೋಷ್ಟಕಗಳಿಗೆ ಇಲ್ಲಿ ಒಂದು ವಿಶೇಷ ಎಚ್ಚರ ಬೇಕು. ಡೈನಮೋಡಿಬಿಯು ಅಕ್ಷರಗಳನ್ನು ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಇಡುತ್ತದೆ. ಆ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು ಸ್ಥಳ ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. ಒಂದು ಸಾಲು 400 ಕೆಬಿಯನ್ನು ಮೀರಕೂಡದೆಂಬ ಮಿತಿಯು ನಮ್ಮ ಬರಹಕ್ಕೆ ಹೀಗೆ ಮೂರರಷ್ಟು ಬೇಗ ಎದುರಾಗುತ್ತದೆ. ಅದಕ್ಕಿಂತಲೂ ಸೂಕ್ಷ್ಮವಾದುದು ಇನ್ನೊಂದಿದೆ. ‘ಕೋಲಾರ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದರಲ್ಲಿ ‘ಕೋ’ ಎಂಬಲ್ಲಿನ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂಬ ಮೂರು ತುಣುಕುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳ ಲೆಕ್ಕದಲ್ಲಿ ಒಂದು 15, ಇನ್ನೊಂದು 21. ವಲಸೆಯ ದಾರಿಯಲ್ಲಿರುವ ಯಾವುದಾದರೂ ಉಪಕರಣವು ಅಕ್ಷರಗಳನ್ನು ತಿದ್ದಿ ಒಪ್ಪಗೊಳಿಸುವ ಉತ್ಸಾಹದಲ್ಲಿ ಒಂದನ್ನು ಇನ್ನೊಂದಾಗಿ ಮಾರ್ಪಡಿಸಿದರೆ, ಊರಿನ ಹೆಸರನ್ನೇ ಕೀಲಿಯಾಗಿ ಇಟ್ಟುಕೊಂಡ ಕೋಷ್ಟಕದಲ್ಲಿ ಕೋಲಾರವನ್ನು ಹುಡುಕಿದವನಿಗೆ ಕೋಲಾರ ಸಿಕ್ಕುವುದಿಲ್ಲ, ಕಣ್ಣೆದುರಿಗೇ ಇದ್ದರೂ. ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ನಡೆಸಿ ಎಲ್ಲ ಸರಿಯಿದೆಯೆಂದು ಸಹಿ ಹಾಕುವ ಪದ್ಧತಿಯನ್ನು ಕರ್ನಾಟಕದಲ್ಲಿ ಕುಳಿತು ಕೆಲಸಮಾಡುವವರಾದರೂ ಬಿಡಬೇಕಾಗಿದೆ.

ಕೊನೆಗೆ ಬರುವುದು ಅಧಿಕಾರದ ಬದಲಾವಣೆ, ಕಸುಬಿನವರು ಕಟ್‌ಓವರ್ ಎನ್ನುವುದು. ಹಳೆಯ ಕೋಷ್ಟಕಕ್ಕೆ ಬರೆಯುವುದನ್ನು ನಿಷೇಧಿಸಿ, ಪ್ರವಾಹದಲ್ಲಿ ಉಳಿದ ಕೊನೆಯ ಹನಿಗಳು ಹೊಸದಕ್ಕೆ ಸೇರುವವರೆಗೆ ಕಾದು, ತಾಳೆ ನೋಡಿ, ಬಳಿಕ ಪ್ರೋಗ್ರಾಮುಗಳೆಲ್ಲ ಹೊಸ ಖಾತೆಯ ಕಡೆಗೆ ಮುಖಮಾಡುವಂತೆ ತಿರುಗಿಸುವುದು. ಜಾಣತನದಿಂದ ಮಾಡಿದರೆ ಬರವಣಿಗೆ ನಿಲ್ಲುವ ಅವಧಿ ಕೆಲವೇ ನಿಮಿಷ. ಹಿಂದಕ್ಕೆ ಬರುವ ದಾರಿಯನ್ನೂ ತೆರೆದಿಟ್ಟಿರಬೇಕು: ಹೊಸ ಕೋಷ್ಟಕದಲ್ಲಿ ಆಗುವ ಬದಲಾವಣೆಗಳು ಹಳೆಯದಕ್ಕೆ ತಿರುಗಿ ಹರಿಯುತ್ತಿದ್ದರೆ, ಮೂರನೆಯ ದಿನ ದೋಷ ಕಂಡರೂ ಹಿಂದಿರುಗಬಹುದು, ಹರಿಯದಿದ್ದರೆ, ಮೂರು ದಿನಗಳ ವ್ಯವಹಾರವನ್ನು ಬಿಟ್ಟುಕೊಟ್ಟಲ್ಲದೆ ಹಿಂದಿರುಗಲಾಗದು.

ಈ ಘಟ್ಟದಲ್ಲಿ ಎಡವಿದುದಕ್ಕೆ ಪ್ರಸಿದ್ಧ ನಿದರ್ಶನ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು. ಅದು ಕ್ಲೌಡ್ ಖಾತೆಗಳ ಪ್ರಸಂಗವಲ್ಲವಾದರೂ ಒಡೆಯನು ಬದಲಾದಾಗ ಗಿರಾಕಿಗಳ ದಾಖಲೆಗಳು ಗೋಡೆ ದಾಟಬೇಕಾದ ಪ್ರಸಂಗವೇ. ಲಾಯ್ಡ್ಸ್ ಬ್ಯಾಂಕಿನಿಂದ ಬೇರ್ಪಟ್ಟ ಟಿಎಸ್‌ಬಿಯನ್ನು 2015ರಲ್ಲಿ ಸ್ಪೇನಿನ ಸಬಾದೆಲ್ ಬ್ಯಾಂಕು ಕೊಂಡುಕೊಂಡಿತು; ದಾಖಲೆಗಳು ಮಾತ್ರ ಲಾಯ್ಡ್ಸಿನ ಯಂತ್ರಗಳಲ್ಲಿಯೇ ಬಾಡಿಗೆಗೆ ಉಳಿದಿದ್ದವು. 52 ಲಕ್ಷ ಗಿರಾಕಿಗಳ ಆ ದಾಖಲೆಗಳನ್ನು 2018ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ ಸಬಾದೆಲ್ಲಿನ ಹೊಸ ವ್ಯವಸ್ಥೆಗೆ ಸಾಗಿಸಿದರು. ಕೂಡಲೇ ಜನರಿಗೆ ತಮ್ಮ ಹಣ ಕಾಣದಾಯಿತು. ಕೆಲವರಿಗೆ ಇತರರ ಖಾತೆಗಳು ಕಂಡವು. ಸುಮಾರು 19 ಲಕ್ಷ ಮಂದಿ ಆನ್‌ಲೈನಿನಲ್ಲಿ ಒಳಹೊಗಲಾರದೆ ಹೊರಗುಳಿದರು. ವ್ಯವಹಾರವು ಪೂರ್ಣವಾಗಿ ಸಹಜಸ್ಥಿತಿಗೆ ಮರಳಲು ಆ ವರ್ಷದ ಡಿಸೆಂಬರು ಬರಬೇಕಾಯಿತು. ಮುಖ್ಯಾಧಿಕಾರಿ ಸೆಪ್ಟೆಂಬರಿನಲ್ಲಿ ಸ್ಥಾನ ಬಿಟ್ಟರು. 2022ರ ಡಿಸೆಂಬರಿನಲ್ಲಿ ಅಲ್ಲಿಯ ನಿಯಂತ್ರಕರು ಒಟ್ಟು 4 ಕೋಟಿ 86 ಲಕ್ಷ 50 ಸಾವಿರ ಪೌಂಡುಗಳ ದಂಡ ವಿಧಿಸಿದರು. ಆ ನಿಯಂತ್ರಕರ ನಿರ್ಣಯದಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ದತ್ತಾಂಶವು ಯಶಸ್ವಿಯಾಗಿಯೇ ಸಾಗಿಬಂದಿತ್ತು. ಮುರಿದುಬಿದ್ದುದು ಅದನ್ನು ಹೊತ್ತು ನಿಲ್ಲಬೇಕಾಗಿದ್ದ ಹೊಸ ವ್ಯವಸ್ಥೆ. ಸಾಲುಗಳೆಲ್ಲ ಬಂದವೆಂಬ ತೃಪ್ತಿಯಲ್ಲಿ ಸುತ್ತಣ ಸಂಸಾರದ ಭಾರವನ್ನು ಯಾರೂ ತಕ್ಕಷ್ಟು ತೂಗಿ ನೋಡಿರಲಿಲ್ಲ.

ಹಳೆಯ ಕೋಷ್ಟಕವನ್ನು ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಅಂಜಿಕೆಯಿಂದಲೋ ಆಲಸ್ಯದಿಂದಲೋ ಅದನ್ನು ಹಾಗೆಯೇ ಬಿಡುವವರು ಹೆಚ್ಚು. ಆದರೆ ಅದರೊಳಗಿರುವುದು ಜನರ ಖಾಸಗಿ ವಿವರಗಳು. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿನ ನಿರ್ಬಂಧವಿಲ್ಲದಿದ್ದರೆ, ಅಂಥ ವಿವರಗಳನ್ನು ಅಳಿಸತಕ್ಕದ್ದೆಂದು ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಅಳಿಸುವುದಕ್ಕೂ ಒಂದು ಕ್ರಮವುಂಟು. ಮೊದಲು ಕೋಷ್ಟಕ: ಹಿಂದಿನ ಕ್ಷಣಕ್ಕೆ ಮರಳುವ ರಕ್ಷಣೆ ಇದ್ದರೆ, ಅಳಿಸುವ ಹೊತ್ತಿನಲ್ಲಿ ಡೈನಮೋಡಿಬಿಯೇ ಒಂದು ಬ್ಯಾಕಪ್ಪನ್ನು ತೆಗೆದು 35 ದಿನ ಉಚಿತವಾಗಿ ಕಾದಿಡುತ್ತದೆ. ಗೂಢಲಿಪಿಯ ಕೀಲಿಯನ್ನು ಅಷ್ಟರೊಳಗೆ ನಾಶಮಾಡಿದರೆ ಆ ಬ್ಯಾಕಪ್ಪು ನಿರುಪಯೋಗಿಯಾಗುವುದರಿಂದ ಕೀಲಿಯ ಸರದಿ ಎರಡನೆಯದು. ಅದಕ್ಕೆ 7ರಿಂದ 30 ದಿನಗಳ ಕಡ್ಡಾಯದ ಕಾಯುವಿಕೆಯೂ ಇದೆ. ಖಾತೆಯನ್ನು ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ, ಮತ್ತು ಮುಚ್ಚಿದ ಖಾತೆಯನ್ನು ಮರಳಿ ತೆರೆಯಿಸಿಕೊಳ್ಳಲು ಅಮೆಜಾನ್ ಕೊಡುವ ಗಡುವು 90 ದಿನ.